ತಲೆಸುತ್ತು ನಿಂತರೂ ಜೋಲಿ ನಿಲ್ಲದಿದ್ದಾಗ: ಒಳಕಿವಿಯ ತೊಂದರೆಯಿಂದ ನಿಧಾನವಾಗಿ ಚೇತರಿಸಿಕೊಳ್ಳುವ ಬಗೆ

ಕಾಯಿಲೆ ಬಿದ್ದ ಆರನೇ ವಾರ ಶಾಲೆಗೆ ಹೋದೆ. ಎಂಟನೇ ತರಗತಿ, ಬೀಜಗಣಿತ. ಬೋರ್ಡ್ ಮೇಲೆ ಒಂದು ಸಮೀಕರಣ ಬರೆದು ಮಕ್ಕಳ ಕಡೆ ತಿರುಗಿದೆ. ನಾನು ತಿರುಗಿ ನಿಂತಾಗಿತ್ತು, ಬೆಂಚುಗಳು ಮಾತ್ರ ಇನ್ನೂ ಬರುತ್ತಲೇ ಇದ್ದವು. ಅರೆಗಳಿಗೆ ತಡವಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ನನ್ನ ಕೈ ತಾನಾಗಿಯೇ ಮೇಜು ಹುಡುಕಿತು. "ಮಿಸ್, ಕೂತ್ಕೊಳ್ಳಿ" ಅಂತ ಮುಂದಿನ ಬೆಂಚಿನ ಹುಡುಗಿ ಕುರ್ಚಿ ಎಳೆದಳು.

ನನಗೆ ಆಗಿದ್ದು ವೆಸ್ಟಿಬ್ಯುಲಾರ್ ನ್ಯೂರೈಟಿಸ್. ಒಳಕಿವಿಯಿಂದ ಮೆದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರದ ಉರಿಯೂತ ಅದು. ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ ಅಂತಾರೆ. ಜೊತೆಗೆ ಕಿವಿಯೂ ಮಂದವಾದರೆ ಲ್ಯಾಬಿರಿಂಥೈಟಿಸ್. ಮೊದಲ ಮೂರು ದಿನ ಮನೆ ಗಿರಗಿಟ್ಲೆಯಂತೆ ಸುತ್ತಿತು, ನೀರು ಕುಡಿದರೂ ವಾಂತಿ. ಅದು ನಿಂತ ಮೇಲೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ನಡೆದರೆ ದೋಣಿಯ ಮೇಲೆ ಕಾಲಿಟ್ಟಂತೆ. ತಲೆ ಎತ್ತಿದರೆ ಜೋಲಿ. ಸಂತೆಯೊಳಗೆ ಹೋದರೆ ಕಣ್ಣು ಕತ್ತಲೆ.

ಈ ಬರಹ ಆ ಎರಡನೇ ಹಂತದಲ್ಲಿ ಇರುವವರಿಗೆ. ಡಾಕ್ಟರು ನೋಡಿ ಕಾಯಿಲೆ ಇಂಥದ್ದು ಅಂದಿದ್ದಾರೆ, ಸ್ಕ್ಯಾನ್ ಸರಿಯಾಗಿದೆ, ಎಲ್ಲರೂ "ಇನ್ನೇನು, ಹುಷಾರಾದ್ರಲ್ಲ" ಅಂತಿದ್ದಾರೆ, ನಿಮಗೆ ಮಾತ್ರ ಹುಷಾರಾಗಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ, ಆಸರೆ ಇಲ್ಲದೆ ನಿಲ್ಲಲಿಕ್ಕೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ವ್ಯಾಯಾಮ, ಕಷಾಯ ಎಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಇಷ್ಟು ದಿನ ಯಾಕೆ ಬೇಕು?

ಜೋಡೆತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಎರಡು ಒಳಕಿವಿಗಳೂ ಸಮನಾಗಿ ಎಳೆಯುತ್ತಿರುವಾಗ ಗಾಡಿ ನೇರ ಹೋಗುತ್ತದೆ. ಒಂದು ಎತ್ತು ಸೋತು ಕುಂಟಿದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ನೀವು ಸುಮ್ನೆ ಕೂತಿದ್ದರೂ ಮೆದುಳಿಗೆ "ತಲೆ ತಿರುಗುತ್ತಿದೆ" ಅನ್ನುವ ಸುಳ್ಳು ಸುದ್ದಿ ಹೋಗುತ್ತದೆ. ಮೊದಲ ದಿನಗಳ ಗಿರಗಿಟ್ಲೆ ಅದೇ.

ಆ ಎತ್ತು ಪೂರ್ತಿ ಚೇತರಿಸಿಕೊಳ್ಳಬಹುದು, ಅರ್ಧಕ್ಕೆ ನಿಲ್ಲಬಹುದು, ಹಾಗೇ ಉಳಿಯಲೂಬಹುದು. ಆದರೂ ಜನ ಓಡಾಡುವಷ್ಟು ಹುಷಾರಾಗುತ್ತಾರೆ. ಯಾಕೆಂದರೆ ಗಾಡಿ ಹೊಡೆಯುವವನು, ಅಂದರೆ ಮೆದುಳು, ಕುಂಟೆತ್ತನ್ನು ಇಟ್ಟುಕೊಂಡೇ ನೇರ ಹೊಡೆಯುವುದನ್ನು ಕಲಿಯುತ್ತದೆ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಟ್ಟರೆ ಅವನು ಕಲಿಯುವುದು ಹೇಗೆ? ತಲೆ ಆಡಿಸಿದಾಗ ಬರುವ ಆ ಸ್ವಲ್ಪ ಜೋಲಿಯೇ ಮೆದುಳಿಗೆ ಸಿಗುವ ಪಾಠ.

ನಮ್ಮತ್ತೆ ಪ್ರೀತಿಯಿಂದಲೇ "ಅಲುಗಾಡಬೇಡಮ್ಮ, ಮಲ್ಕೋ, ಪಿತ್ತ ಇಳಿಯುತ್ತೆ" ಅಂದರು. ಐದು ವಾರ ಅವರ ಮಾತು ಕೇಳಿದೆ. ಕುತ್ತಿಗೆಯನ್ನು ಮರದ ಗೊಂಬೆಯ ಹಾಗೆ ಬಿಗಿ ಹಿಡಿದು ಓಡಾಡಿದೆ. ಮೊದಲ ಎರಡು ಮೂರು ದಿನ ಕಾಪಾಡಿದ ವಿಶ್ರಾಂತಿಯೇ ಆಮೇಲೆ ನನಗೆ ಅಡ್ಡಗಾಲಾಯಿತು.

ಹಂತ 1: ಈಗ ಉಳಿದಿರುವುದು ಯಾವ ತಲೆಸುತ್ತು?

ಇದನ್ನು ಬಿಟ್ಟು ಮುಂದೆ ಹೋದರೆ ತಿಂಗಳುಗಟ್ಟಲೆ ವ್ಯರ್ಥ. ನ್ಯೂರೈಟಿಸ್ ಆದ ಕಿವಿಯಲ್ಲೇ ಕೆಲವರಿಗೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಅದರ ಹೆಸರು ಬಿಪಿಪಿವಿ. ಒಳಕಿವಿಯ ಒಂದು ಭಾಗದಲ್ಲಿ ಅಂಟಿಕೊಂಡಿರಬೇಕಾದ ಸುಣ್ಣದ ಕಣಗಳು ಬಿಡಿಸಿಕೊಂಡು ಅರೆವೃತ್ತದ ಕೊಳವೆಯೊಳಗೆ ಸೇರುತ್ತವೆ. ಮಲಗುವಾಗ, ಏಳುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಜೋರಾಗಿ ಸುತ್ತು, ಒಂದು ನಿಮಿಷದೊಳಗೆ ನಿಲುಗಡೆ. ಹೀಗೆ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಮಲಗಿಸಿ ತಲೆಯನ್ನು ಒಂದೊಂದೇ ಕಡೆ ತಿರುಗಿಸುವ ಎಪ್ಲಿ ವಿಧಾನದಿಂದ ಹತ್ತು ನಿಮಿಷದಲ್ಲಿ ಕಣಗಳನ್ನು ಸ್ವಸ್ಥಾನಕ್ಕೆ ಕಳಿಸುತ್ತಾರೆ. ಕೆಲವೊಮ್ಮೆ ಎರಡು ಮೂರು ಸಲ ಬೇಕಾಗುತ್ತದೆ. ಇದಕ್ಕೆ ಮಾತ್ರೆ ನುಂಗುತ್ತಾ ಕೂರುವುದು ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದ್ದಕ್ಕೆ ಕಾಲಿಗೆ ಮುಲಾಮು ಹಚ್ಚಿದ ಹಾಗೆ.

ಗಂಟೆಗಟ್ಟಲೆ ಸುತ್ತು ಬಂದು ಜೊತೆಗೆ ಬೆಳಕು, ಸದ್ದು ಸಹಿಸಲಾಗದಿದ್ದರೆ ಮೈಗ್ರೇನ್ ಜಾತಿಯದು ಇರಬಹುದು. ಕಿವಿ ಗುಂಯ್ಗುಟ್ಟಿ, ಕಟ್ಟಿಕೊಂಡು, ಕೇಳುವುದು ಏರುಪೇರಾಗುತ್ತಿದ್ದರೆ ಮೆನಿಯರ್ಸ್ ಎಂಬ ಒಳಕಿವಿಯ ಇನ್ನೊಂದು ಕಾಯಿಲೆ ಇರಬಹುದು. ಇವಕ್ಕೆ ದಾರಿ ಬೇರೆ.

ಮತ್ತೆ ಮತ್ತೆ ಸುತ್ತು ಬರುವುದಿಲ್ಲ, ಆದರೆ ತಲೆ ಆಡಿಸಿದರೆ ಕಣ್ಣೆದುರಿನದು ಅಲುಗಾಡುತ್ತದೆ, ನಡಿಗೆ ವಾಲುತ್ತದೆ ಅಂದರೆ ಮೆದುಳಿನ ಕಲಿಕೆ ಅರ್ಧಕ್ಕೆ ನಿಂತಿದೆ ಅಂತ ಲೆಕ್ಕ. ಕೆಳಗಿನ ಹಂತಗಳು ಮುಖ್ಯವಾಗಿ ಇವರಿಗೆ. ಕಿವಿಯೊಳಗೆ ಬಿಸಿ, ತಣ್ಣನೆ ನೀರು ಅಥವಾ ಗಾಳಿ ಹಾಯಿಸುವ ಪರೀಕ್ಷೆ, ಕ್ಯಾಮೆರಾ ಕಟ್ಟಿದ ಕನ್ನಡಕ ಹಾಕಿ ತಲೆಯನ್ನು ಚಕ್ಕನೆ ತಿರುಗಿಸುವ ಪರೀಕ್ಷೆ, ಇವು ಯಾವ ಕಿವಿ ಎಷ್ಟು ಸೋತಿದೆ ಎಂದು ತೋರಿಸುತ್ತವೆ. ಆದರೆ ಒಂದು ಮಾತು. ರಿಪೋರ್ಟಿನಲ್ಲಿ ಕಿವಿ ಎಷ್ಟು ಸೋತಿದೆಯೋ ಅಷ್ಟೇ ತ್ರಾಸ ಅಂತ ಏನಿಲ್ಲ. ಕಿವಿ ತೀರಾ ಸೋತವರು ಸೈಕಲ್ ಹೊಡೆಯುತ್ತಿರುತ್ತಾರೆ, ಸ್ವಲ್ಪವೇ ಸೋತವರು ಹೊಸ್ತಿಲು ದಾಟಲು ಹೆದರುತ್ತಿರುತ್ತಾರೆ.

ಹಂತ 2: ಮಾತ್ರೆಯ ಡಬ್ಬಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ

ಪ್ರೋಕ್ಲೋರ್‌ಪೆರಜೀನ್, ಸಿನ್ನರಿಜೀನ್ ತರಹದ ಮಾತ್ರೆಗಳು ಸುತ್ತು, ವಾಂತಿ ಇರುವ ಮೊದಲ ಕೆಲವು ದಿನಕ್ಕೆ ದೇವರಂಥವು. ಆದರೆ ಅವು ಕೆಲಸ ಮಾಡುವುದು ಸಮತೋಲನದ ಸುದ್ದಿಯನ್ನೇ ಅಡಗಿಸಿ. ವಾರಗಟ್ಟಲೆ ನುಂಗಿದರೆ ಮೆದುಳು ಕಲಿಯುವುದೂ ನಿಧಾನವಾಗುತ್ತದೆ. ಪ್ರೋಕ್ಲೋರ್‌ಪೆರಜೀನನ್ನು ವಯಸ್ಸಾದವರು ತುಂಬಾ ದಿನ ತೆಗೆದುಕೊಂಡರೆ ಕೈ ನಡುಕ, ನಡಿಗೆ ಬಿಗಿಯಾಗುವುದು ಶುರುವಾಗಬಹುದು. ನಮ್ಮಲ್ಲಿ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಇದನ್ನೇ ಮತ್ತೆ ಮತ್ತೆ ತರುವುದು ಮಾಮೂಲು. ನಾನೂ ತಂದಿದ್ದೇನೆ. ತಲೆಸುತ್ತಿಗೆ ಕೊಡುವ ಇನ್ನೊಂದು ಮಾತ್ರೆ ಬೀಟಾಹಿಸ್ಟೀನ್ ಕೆಲಸ ಮಾಡುವ ರೀತಿ ಬೇರೆ, ಅದನ್ನು ಈ ಸಾಲಿಗೆ ಸೇರಿಸಬೇಡಿ. ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. "ಇದು ಇನ್ನೂ ಬೇಕಾ, ಎಷ್ಟು ದಿನ?" ಅಂತ ಕೇಳಿ, ಅಷ್ಟೇ.

ಹಂತ 3: ಒಂದು ನೋಟ್‌ಬುಕ್ಕು

ಪ್ರತಿದಿನ ರಾತ್ರಿ ಮೂರು ಸಾಲು. ಇವತ್ತು ಜೋಲಿ 10ಕ್ಕೆ ಎಷ್ಟು? ಏನು ಮಾಡಿದೆ? ನಿದ್ದೆ ಹೇಗಿತ್ತು? ಅದಕ್ಕಿಂತ ಜಾಸ್ತಿ ಬರೆಯಬೇಡಿ, ಇಲ್ಲವಾದರೆ ಇಡೀ ದಿನ ತಲೆಯನ್ನೇ ಗಮನಿಸುತ್ತಾ ಕೂರುತ್ತೀರಿ.

ಈ ಪುಸ್ತಕದಲ್ಲಿ ನಿನ್ನೆಗೂ ಇವತ್ತಿಗೂ ಹೋಲಿಸಬಾರದು. ಸೋಮವಾರ 4, ಮಂಗಳವಾರ 7, ಬುಧವಾರ 5. ಇದರಿಂದ ಏನೂ ಗೊತ್ತಾಗುವುದಿಲ್ಲ, ಬರೀ ಅಳು ಬರುತ್ತದೆ. ವಾರದ ಅಂಕ ಕೂಡಿಸಿ ಏಳರಿಂದ ಭಾಗಿಸಿ, ಹೋದ ತಿಂಗಳ ಇದೇ ವಾರದ ಜೊತೆ ಇಟ್ಟು ನೋಡಿ. ಲೆಕ್ಕದ ಟೀಚರ್ ಅಲ್ವಾ, ಸರಾಸರಿಯ ಮೇಲೆ ನನಗೆ ಮೊದಲಿಂದಲೂ ನಂಬಿಕೆ.

ಹಂತ 4: ಕಣ್ಣು ಮತ್ತು ತಲೆಯ ವ್ಯಾಯಾಮ

ಇಡೀ ಚಿಕಿತ್ಸೆಯ ಬೆನ್ನೆಲುಬು ಇದು. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥೋರ್ನ್, ಕುಕ್ಸಿ ಎಂಬ ಇಬ್ಬರು ವೈದ್ಯರು, ತಲೆಗೆ ಪೆಟ್ಟಾಗಿಯೋ ಕಿವಿಯ ಆಪರೇಷನ್ ಆಗಿಯೋ ಸಮತೋಲನ ಕಳೆದುಕೊಂಡವರಿಗೆ ವ್ಯಾಯಾಮದ ಒಂದು ಕ್ರಮ ಹಾಕಿಕೊಟ್ಟರು. ಈಗಿನ ವ್ಯಾಯಾಮಗಳು ಅಲ್ಲಿಂದ ಬೆಳೆದು ಬಂದವು. ಕುತ್ತಿಗೆಯ ಮೂಳೆ ತೊಂದರೆ ಇದ್ದರೆ, ಇತ್ತೀಚೆಗೆ ಕಣ್ಣು ಅಥವಾ ಕಿವಿಯ ಆಪರೇಷನ್ ಆಗಿದ್ದರೆ ಕೇಳಿಕೊಂಡೇ ಶುರುಮಾಡಿ. ಸಮತೋಲನದ ವ್ಯಾಯಾಮ ಗೊತ್ತಿರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಂದೆರಡು ಸಲವಾದರೂ ಅವರ ಮುಂದೆ ಮಾಡಿ ತೋರಿಸಿ. ಬರೀ ಮೊಣಕಾಲಿಗೆ ಶಾಖ ಕೊಡುವವರು ಇದಕ್ಕೆ ಆಗುವುದಿಲ್ಲ.

ಮಾಡುವುದು ಹೀಗೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ "ಕ" ಅಂತ ಬರೆದು, ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಗೋಡೆಗೆ ಅಂಟಿಸಿ. ಸುಮಾರು ಒಂದು ಮೀಟರ್ ದೂರದಲ್ಲಿ ಕುರ್ಚಿ. ಕಣ್ಣು "ಕ" ಮೇಲೆಯೇ ಇರಲಿ. ತಲೆಯನ್ನು ಬೇಡ ಬೇಡ ಅನ್ನುವ ಹಾಗೆ ಎಡಕ್ಕೆ ಬಲಕ್ಕೆ ಆಡಿಸಿ. ತುಂಬಾ ಅಗಲ ಬೇಡ, ಮುಖ ಸ್ವಲ್ಪ ಪಕ್ಕಕ್ಕೆ ಹೋದರೆ ಸಾಕು. ಅಕ್ಷರ ಸ್ಪಷ್ಟವಾಗಿ, ನಿಂತಲ್ಲೇ ನಿಂತಿರಬೇಕು. ಅದು ಕುಣಿಯಲು ಶುರುವಾದರೆ ವೇಗ ಜಾಸ್ತಿಯಾಯಿತು, ಸ್ವಲ್ಪ ಇಳಿಸಿ. ಒಂದಿಷ್ಟೂ ಕಷ್ಟವಾಗದಿದ್ದರೆ ವೇಗ ಸಾಲದು. ಕುಣಿಯುವುದಕ್ಕೆ ಒಂದು ಕೂದಲೆಳೆ ಹಿಂದೆ ನಿಲ್ಲಬೇಕು, ಕಸುಬು ಇರುವುದು ಅಲ್ಲಿ. ಮೊದಲು 30 ಸೆಕೆಂಡ್, ಆಮೇಲೆ ಒಂದು ನಿಮಿಷ. ಸುಧಾರಿಸಿಕೊಂಡು ಹೌದು ಹೌದು ಅನ್ನುವ ಹಾಗೆ ಮೇಲೆ ಕೆಳಗೆ.

ದಿನಕ್ಕೆ ಮೂರು ಸಲವಾದರೂ ಮಾಡಬೇಕು. ಕಾಯಿಲೆ ಹೊಸದಾಗಿದ್ದರೆ ಇಡೀ ದಿನದ ಒಟ್ಟು 12 ನಿಮಿಷ, ತಿಂಗಳುಗಳಿಂದ ಇದ್ದರೆ 20 ನಿಮಿಷ ಮುಟ್ಟುವುದು ಗುರಿ. ಮೊದಲ ದಿನವೇ ಅಲ್ಲ. ನಾನು ಎರಡು ನಿಮಿಷದಿಂದ ಹತ್ತಿದೆ.

ಕೂತು ಮಾಡುವುದು ಸಲೀಸಾದ ಮೇಲೆ ನಿಂತು. ಆಮೇಲೆ ಪಾದ ಜೋಡಿಸಿ ನಿಂತು. ಆಮೇಲೆ "ಕ" ಅಕ್ಷರದ ಹಿಂದೆ ಒಂದು ಚೌಕಳಿ ಲುಂಗಿ ನೇತುಹಾಕಿ. ನಗಬೇಡಿ. ಖಾಲಿ ಗೋಡೆಯ ಮುಂದೆ ಗಟ್ಟಿಯಾಗಿ ನಿಂತ ಅಕ್ಷರ ಚೌಕಳಿಯ ಮುಂದೆ ಹೇಗೆ ಓಡಾಡುತ್ತದೆ ಅಂತ ಮಾಡಿದವರಿಗೇ ಗೊತ್ತು. ನಮ್ಮನೆಯವರ ಲುಂಗಿ ಎರಡು ತಿಂಗಳು ಗೋಡೆಯ ಮೇಲೇ ಇತ್ತು.

ಇನ್ನೆರಡು ವ್ಯಾಯಾಮಗಳೂ ಉಂಟು. ಒಂದು, ಎರಡು ಅಕ್ಷರಗಳನ್ನು ಒಂದು ಮೊಳ ದೂರದಲ್ಲಿ ಅಂಟಿಸಿ, ಮೊದಲು ಕಣ್ಣನ್ನು ಒಂದರಿಂದ ಇನ್ನೊಂದಕ್ಕೆ ಹಾರಿಸಿ, ಹಿಂದೆಯೇ ತಲೆ ತಿರುಗಿಸುವುದು. ಇನ್ನೊಂದು, ನಿಂಬೆಹಣ್ಣನ್ನು ಕಣ್ಣಿಗಿಂತ ಮೇಲೆ ಒಂದು ಕೈಯಿಂದ ಇನ್ನೊಂದು ಕೈಗೆ ಎಸೆಯುತ್ತಾ ನೋಟದಿಂದ ಹಿಂಬಾಲಿಸುವುದು.

ಎಷ್ಟು ಜೋಲಿ ಬಂದರೆ ಸರಿ? ನಾನು ಇಟ್ಟುಕೊಂಡ ಅಳತೆ ಇದು: ಶುರುಮಾಡುವಾಗ 3 ಇದ್ದದ್ದು 5 ಅಥವಾ 6 ಆಗಲಿ, 15-20 ನಿಮಿಷದಲ್ಲಿ ಮತ್ತೆ 3ಕ್ಕೆ ಇಳಿಯಲಿ. ಗಂಟೆಗಟ್ಟಲೆ ಉಳಿದರೆ ನಾಳೆ ಅರ್ಧ ಮಾಡಿ. ಏನೂ ಆಗದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ.

ಹಂತ 5: ನಿಲ್ಲುವುದು, ನಡೆಯುವುದು

ಗೋಡೆಗಳು ಸೇರುವ ಮೂಲೆಗೆ ಬೆನ್ನು ಮಾಡಿ ನಿಲ್ಲಿ, ಮುಂದೆ ಒಂದು ಕುರ್ಚಿ. ಯಾವ ಕಡೆ ವಾಲಿದರೂ ಆಸರೆ ಇರುತ್ತದೆ. ಪಾದ ಜೋಡಿಸಿ 30 ಸೆಕೆಂಡ್. ಅದು ಬಂದ ಮೇಲೆ ಕಣ್ಣು ಮುಚ್ಚಿ. ಅದೂ ಬಂದ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ. ಕೊನೆಗೆ ಮಡಚಿದ ಹಾಸಿಗೆಯ ಮೇಲೆ. ಮೆತ್ತನೆಯ ನೆಲದ ಮೇಲೆ ಕಣ್ಣು ಮುಚ್ಚಿದರೆ ಪಾದಕ್ಕೂ ಸುದ್ದಿ ಸರಿಯಾಗಿ ಸಿಗದು, ಕಣ್ಣಿಗೂ ಸಿಗದು. ಮೆದುಳು ಒಳಕಿವಿಯನ್ನೇ ಕೇಳಬೇಕಾಗುತ್ತದೆ. ವಯಸ್ಸಾದವರು ಇದನ್ನು ಒಬ್ಬರೇ ಮಾಡಲೇಬಾರದು.

ನಡಿಗೆಯನ್ನು ಹಜಾರದಿಂದ ಶುರುಮಾಡಿ. ಮೂರು ಹೆಜ್ಜೆ, ಎಡಕ್ಕೆ ನೋಟ. ಮೂರು ಹೆಜ್ಜೆ, ಬಲಕ್ಕೆ ನೋಟ. ಆಮೇಲೆ ಮನೆ ಮುಂದಿನ ರಸ್ತೆ. ಬೆಳಗ್ಗೆ ಜನ ಕಡಿಮೆ ಇರುವಾಗ ಹತ್ತು ನಿಮಿಷ ಸಾಕು. ನೆಲ ನೋಡಿಕೊಂಡು ನಡೆಯುವ ಚಟ ಬಿಡಬೇಕು, ಎದುರಿನ ಮರವೋ ಕಂಬವೋ ನೋಡಿ. ಹೌದು, ನಮ್ಮೂರ ಫುಟ್‌ಪಾತಿನಲ್ಲಿ ಈ ಸಲಹೆ ಪಾಲಿಸುವುದು ಕಷ್ಟ. ಅದಕ್ಕೇ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದೆ.

ಯೋಗ ಮಾಡುವವರಿಗೆ ಒಂದು ಮಾತು. ಗೋಡೆಯ ಪಕ್ಕ ವೃಕ್ಷಾಸನ ಒಳ್ಳೆಯದೇ. ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಬೇಡ. ಜೋರಾಗಿ ಉಸಿರಾಡಿದರೆ ಆರೋಗ್ಯವಂತರಿಗೂ ತಲೆ ತೇಲುತ್ತದೆ.

ಹಂತ 6: ಬಚ್ಚಲು, ಕತ್ತಲೆ, ರಸ್ತೆ

ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುತ್ತೀರಿ, ತಲೆ ಬಗ್ಗಿಸುತ್ತೀರಿ, ಕಾಲಡಿಯಲ್ಲಿ ಸೀಗೆಪುಡಿಯದೋ ಶಾಂಪೂವಿನದೋ ಜಾರು. ಮೂರೂ ಒಟ್ಟಿಗೆ. ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡಿ. ಎಣ್ಣೆಸ್ನಾನದ ದಿನ ಬಾಗಿಲ ಚಿಲಕ ಹಾಕಬೇಡಿ. ಸಿಂಕಿನ ಮುಂದೆ ಮುಖ ತೊಳೆಯುವಾಗ ಒಂದು ಕೈ ಅಂಚಿನ ಮೇಲಿರಲಿ.

ಇನ್ನೊಂದು ಕರೆಂಟ್ ಹೋಗುವುದು. ಕಿವಿ ಸೋತ ಮೇಲೆ ನಮ್ಮನ್ನು ನೆಟ್ಟಗೆ ನಿಲ್ಲಿಸಿರುವುದು ಬಹುಪಾಲು ಕಣ್ಣು. ದೀಪ ಆರಿತು ಅಂದರೆ ಆ ಊರುಗೋಲು ಕಿತ್ತುಕೊಂಡ ಹಾಗೆ. ಒಂದು ರಾತ್ರಿ ಅಡುಗೆಮನೆಯಿಂದ ಅನ್ನದ ಪಾತ್ರೆ ತರುವಾಗ ಕರೆಂಟ್ ಹೋಯಿತು. ಗೋಡೆ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ, ಪಾತ್ರೆ ಸಮೇತ ಕೆಳಗೆ ಕೂತುಬಿಟ್ಟೆ. ಅದೇ ಸರಿಯಾದ ಉಪಾಯ ಕೂಡ: ಕತ್ತಲಾದರೆ ನಡೆಯಬೇಡಿ, ಇದ್ದಲ್ಲೇ ಕೂರಿ. ರಾತ್ರಿ ಝೀರೋ ಬಲ್ಬ್ ಉರಿಯಲಿ, ದಿಂಬಿನ ಪಕ್ಕ ಟಾರ್ಚ್ ಇರಲಿ.

ಸ್ಕೂಟರಿಗೆ ಅವಸರ ಬೇಡ. ಖಾಲಿ ಮೈದಾನದಲ್ಲಿ ನಡೆಯುತ್ತಾ ಹಿಂದೆ ಯಾರು ಬರುತ್ತಿದ್ದಾರೆ ಅಂತ ಚಕ್ಕನೆ ತಿರುಗಿ ನೋಡಿದಾಗ ಹೆಜ್ಜೆ ತಪ್ಪುತ್ತಿದ್ದರೆ, ಗಾಡಿ ಓಡಿಸುವ ಸಮಯ ಬಂದಿಲ್ಲ. ಹೆಜ್ಜೆ ತಪ್ಪದಿದ್ದರೂ ಡಾಕ್ಟರ ಒಪ್ಪಿಗೆ ಕೇಳಿ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ದೂರದ ರಸ್ತೆ ನೋಡಿ, ಫೋನ್ ಬ್ಯಾಗಿನಲ್ಲಿರಲಿ. ಆಗುಂಬೆ ಘಾಟಿಯ 14 ತಿರುವುಗಳ ಆಚೆ, ಉಡುಪಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಹೋಗಲಿಲ್ಲ. ಬೈಸಿಕೊಂಡೆ, ಪರವಾಗಿಲ್ಲ.

ಹಂತ 7: ಕಣ್ಣಿಗೆ ಗದ್ದಲವಾಗುವ ಜಾಗಗಳು

ಸೂಪರ್ ಮಾರ್ಕೆಟ್ಟಿನ ಉದ್ದುದ್ದ ಕಪಾಟು, ಜಾತ್ರೆಯ ಜನ, ಮೊಬೈಲಿನಲ್ಲಿ ಓಡುವ ವೀಡಿಯೋಗಳು. ಕಣ್ಣಿನ ಮೇಲೆ ಅತಿಯಾಗಿ ನೆಚ್ಚಿಕೊಂಡ ಮೆದುಳು ಇಲ್ಲಿ ಕಂಗಾಲಾಗುತ್ತದೆ. ಪೂರ್ತಿ ಬಿಟ್ಟುಬಿಟ್ಟರೆ ಹೆದರಿಕೆ ಬೆಳೆಯುತ್ತದೆ, ಒಮ್ಮೆಗೇ ನುಗ್ಗಿದರೆ ಎರಡು ದಿನ ಹಾಸಿಗೆ. ನಾನು ಮಾಡಿದ್ದು ಹೀಗೆ: ಮೊದಲ ವಾರ ಅಂಗಡಿ ಬಾಗಿಲಲ್ಲಿ ಐದು ನಿಮಿಷ. ಎರಡನೇ ವಾರ ಮಧ್ಯಾಹ್ನ ಎರಡಕ್ಕೆ, ಜನ ಇಲ್ಲದಾಗ, ಒಂದೇ ಸಾಲು, ಒಂದೇ ಸಾಮಾನು. ತಳ್ಳುಗಾಡಿ ಹಿಡಿದುಕೊಂಡರೆ ಕೈಗೊಂದು ಆಸರೆ. ಸಂಜೆ ಏಳರ ಗಲಾಟೆಗೆ ಹೋಗುವ ಹೊತ್ತಿಗೆ ಮೂರು ತಿಂಗಳಾಗಿತ್ತು.

ಹಿಂದಕ್ಕೆ ಜಾರಿದಾಗ

ಜ್ವರ, ನಿದ್ದೆಗೆಟ್ಟ ರಾತ್ರಿ, ದೂರದ ಪ್ರಯಾಣ, ಪರೀಕ್ಷೆ ಪೇಪರು ತಿದ್ದುವ ವಾರ. ಇವುಗಳಲ್ಲಿ ಯಾವುದಾದರೂ ಬಂದರೆ ಹಳೇ ಜೋಲಿ ಎದ್ದು ಬರುತ್ತದೆ. ಕಾಯಿಲೆಯೇ ಮರುಕಳಿಸಿತು ಅಂತ ಗಾಬರಿ ಬೀಳಬೇಡಿ. ಕಲಿತದ್ದು ಅಳಿಸಿಹೋಗಿಲ್ಲ, ದಣಿದ ಮೆದುಳು ಲೆಕ್ಕ ತಪ್ಪುತ್ತಿದೆ, ಅಷ್ಟೇ. ವ್ಯಾಯಾಮವನ್ನು ಎರಡು ಮೆಟ್ಟಿಲು ಇಳಿಸಿ, ಬಿಡಬೇಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮೊದಲಿನ ಜಾಗಕ್ಕೆ ಬರುತ್ತದೆ. ಹಾಸಿಗೆ ಹಿಡಿಸುವಂಥ ಹೊಸ ಸುತ್ತು ಬಂದರೆ ಮಾತ್ರ ತೋರಿಸಿಕೊಳ್ಳಿ.

ಹೆದರಿಕೆ ಮತ್ತು ಮೂರು ತಿಂಗಳ ಗೆರೆ

ಈ ಕಾಯಿಲೆಗೆ ಹೊರಗೆ ಗುರುತಿಲ್ಲ. ಬ್ಯಾಂಡೇಜ್ ಇಲ್ಲ, ಪಟ್ಟಿ ಇಲ್ಲ. ಸ್ಟಾಫ್ ರೂಮಿನಲ್ಲಿ "ಟೆನ್ಷನ್ ಮಾಡ್ಕೋತೀರಾ ಅನ್ಸತ್ತೆ ಮೇಡಂ" ಅಂದವರುಂಟು. ನಿಮ್ಮವರಿಗೆ ಹೀಗೆ ಹೇಳಿ ನೋಡಿ: "ಬಸ್ಸಿಳಿದ ಮೇಲೂ ಬಸ್ಸಿನಲ್ಲೇ ಇದ್ದ ಹಾಗೆ ಇರುತ್ತೆ, ದಿನವಿಡೀ." ಬಹಳ ಜನಕ್ಕೆ ಅರ್ಥವಾಗುತ್ತದೆ.

ಆದರೂ ಟೆನ್ಷನ್ ಅನ್ನುವ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಬೀಳುತ್ತೇನೆ ಅನ್ನುವ ಭಯದಿಂದ ಮೈ ಬಿಗಿಯಾಗುತ್ತದೆ, ಒಂದೊಂದು ಹೆಜ್ಜೆಯನ್ನೂ ಕಾಯುತ್ತೇವೆ, ಕಾದಷ್ಟೂ ಜೋಲಿ ಜಾಸ್ತಿ. ಕಿವಿ ಸುಧಾರಿಸಿದ ಮೇಲೂ ಈ ಚಕ್ರ ನಿಲ್ಲದೆ, ಹೆಚ್ಚಿನ ದಿನಗಳಲ್ಲಿ ತೇಲುವಿಕೆ ಮೂರು ತಿಂಗಳಿಗೂ ಮೀರಿ ಉಳಿದರೆ, ನಿಂತಾಗ, ಓಡಾಡುವಾಗ, ಗದ್ದಲದ ಜಾಗದಲ್ಲಿ ಅದು ಏರಿದರೆ, ಅದಕ್ಕೆ ಪಿಪಿಪಿಡಿ ಅಂತ ಬೇರೆ ಹೆಸರಿದೆ. ಒಳಕಿವಿಯ ಕೆಲಸಕ್ಕಾಗಿ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ಹೆಸರಿನ ಸೊಸೈಟಿ 2017ರಲ್ಲಿ ಇದರ ಲಕ್ಷಣಗಳನ್ನು ಗೊತ್ತುಪಡಿಸಿತು. ಇದು ಮನಸ್ಸಿನ ಭ್ರಮೆಯಲ್ಲ. ಇದೇ ವ್ಯಾಯಾಮಗಳನ್ನು ಇನ್ನೂ ನಿಧಾನವಾಗಿ ಮಾಡಿಸುತ್ತಾರೆ, ಜೊತೆಗೆ ಕೌನ್ಸೆಲಿಂಗ್ ತರಹದ ಮಾತುಕತೆಯ ಚಿಕಿತ್ಸೆ, ಕೆಲವರಿಗೆ ಖಿನ್ನತೆಗೆ ಕೊಡುವ ಜಾತಿಯದೇ ಮಾತ್ರೆ. ಆ ಚೀಟಿ ನೋಡಿ "ನನಗೇನು ಹುಚ್ಚಾ?" ಅಂತ ಸಿಟ್ಟಾಗಿ ಎದ್ದು ಬರಬೇಡಿ.

ಎರಡು ಮೂರು ತಿಂಗಳು ನಿಜವಾಗಿ ವ್ಯಾಯಾಮ ಮಾಡಿಯೂ ಸರಾಸರಿ ಇಳಿಯದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ನೋಟ್‌ಬುಕ್ಕು, ಹಳೇ ರಿಪೋರ್ಟು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. "ತಲೆಸುತ್ತು" ಅಂತ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ಸುತ್ತುತ್ತದೋ, ವಾಲುತ್ತದೋ, ತೇಲುತ್ತದೋ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೋ, ಎಷ್ಟು ಹೊತ್ತು, ಏನು ಮಾಡಿದಾಗ. ಡಾಕ್ಟರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ನನ್ನ ಪುಸ್ತಕದಲ್ಲಿ ಮೊದಲ ತಿಂಗಳ ಸರಾಸರಿ 6.4, ಹನ್ನೊಂದನೇ ತಿಂಗಳದು 1.2. ಸೊನ್ನೆ ಇನ್ನೂ ಬಂದಿಲ್ಲ. ಬೋರ್ಡಿನಿಂದ ತಿರುಗಿದರೆ ಬೆಂಚುಗಳು ಈಗ ನನಗಿಂತ ಮೊದಲೇ ಬಂದು ನಿಂತಿರುತ್ತವೆ. ಕರೆಂಟ್ ಹೋದರೆ ಮಾತ್ರ ಕೈ ಇವತ್ತಿಗೂ ಗೋಡೆ ಹುಡುಕುತ್ತದೆ.